ಮೌನವ್ರತದ ಭಾನುವಾರ

ಆ ಚಳಿಗಾಲದಲ್ಲಿ ನಾನು ವಾರಕ್ಕೊಬ್ಬರನ್ನಾದರೂ ಸಾಯಿಸುತ್ತಿದ್ದೆ. ಗಾಬರಿಯಾಗಬೇಡಿ, ಅದು ನನ್ನ ಹೊಟ್ಟೆಪಾಡು. ೨೦೧೭ರಲ್ಲಿ, ಕೆನಡಾದ ಮಿಸಿಸಾಗದ ವಿಮಾನ ನಿಲ್ದಾಣದ ಹತ್ತಿರದ ಒಂದು ಆಫೀಸು ಕಟ್ಟಡದಲ್ಲಿ, ಶನಿವಾರ ಶನಿವಾರ ಐಟಿಯವರಿಗೆ ಬ್ಯಾಕಪ್ ಪಾಠ ಹೇಳುತ್ತಿದ್ದೆ. ಕಂಪನಿಯ ಮಾಹಿತಿಯನ್ನು ಎಲ್ಲೆಲ್ಲಿ ನಕಲು ಮಾಡಿ ಇಡಬೇಕು. ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಯಾವನೋ ಕಿಡಿಗೇಡಿ ಒಳಹೊಕ್ಕು ಎಲ್ಲಕ್ಕೂ ಬೀಗ ಜಡಿದರೆ ಆ ನಕಲಿನಿಂದ ಮತ್ತೆ ಹೇಗೆ ಎದ್ದು ನಿಲ್ಲಬೇಕು, ಇಷ್ಟೇ ಪಾಠ. ನೆತ್ತಿಯ ಮೇಲೇ ವಿಮಾನಗಳು ಇಳಿಯುತ್ತಿದ್ದವು. ಕಿಟಕಿಯ ಗಾಜು ಗಡಗಡ ಅಂದಾಗ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸುವುದು ನನಗೆ ಅಭ್ಯಾಸವಾಗಿಹೋಗಿತ್ತು.

ಪ್ರತಿ ಕ್ಲಾಸಿನ ಕೊನೆಗೆ ಒಂದು ಡ್ರಿಲ್. ಯಾರಾದರೊಬ್ಬರು ತಮ್ಮ ಆಫೀಸಿನ ಮಾದರಿಯಲ್ಲೇ ಒಂದು ಪ್ಲಾನ್ ಬರೆದುಕೊಂಡು ಬಂದಿರಬೇಕು. ನಾನು ಅಭ್ಯಾಸದ ಸರ್ವರನ್ನು ಪೂರ್ತಿ ಅಳಿಸಿಹಾಕುತ್ತಿದ್ದೆ. ಉಳಿದವರು ಆ ಪ್ಲಾನನ್ನು ಓದಿಕೊಂಡು, ಬ್ಯಾಕಪ್ಪಿನಿಂದ ಎಲ್ಲವನ್ನೂ ವಾಪಸ್ ತರಬೇಕು. ಬರೆದವರು ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಾರೆ, ಆದರೆ ತುಟಿ ಪಿಟಕ್ ಅನ್ನುವಂತಿಲ್ಲ. "ನೀವು ಸತ್ತಿದ್ದೀರಿ" ಎಂದು ನಾನು ಘೋಷಿಸಿಬಿಡುತ್ತಿದ್ದೆ. ಸತ್ತವರು ಕೆಮ್ಮಬಾರದು, ಕಣ್ಸನ್ನೆ ಮಾಡಬಾರದು, ತಲೆ ಚಚ್ಚಿಕೊಳ್ಳಲೂಬಾರದು. ಎಲ್ಲ ಗೊತ್ತಿರುವ ಮನುಷ್ಯ ಇಲ್ಲದಾಗ ಕೆಲಸ ನಡೆಯುತ್ತದೆಯೇ ಎಂದು ಅವನಿರುವಾಗಲೇ ನೋಡಿಕೊಳ್ಳಬೇಕು ಎನ್ನುವುದು ನಮ್ಮ ಕಸುಬಿನ ನಿಯಮ.

ಡ್ರಿಲ್ ಮುಗಿಯಿತು ಎನ್ನುವ ಅಧಿಕಾರವೂ ನನ್ನದೇ. ಪರದೆಯ ಮೇಲೆ ಹಸಿರು ಟಿಕ್ ಬಂತೆಂದು ಎದ್ದು ಹೋಗಲು ಯಾರನ್ನೂ ಬಿಡುತ್ತಿರಲಿಲ್ಲ. "ಎಲ್ಲಾ ವಾಪಸ್ ಬಂತಾ?" ಎಂದು ಕೇಳುತ್ತಿದ್ದೆ. ಅವರು ಒಂದೊಂದೇ ಫೈಲು ತೆರೆದು, ಕಣ್ಣಾರೆ ನೋಡಿ, ಆಮೇಲೆ ಹೌದು ಅನ್ನಬೇಕು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲೇ ಕೇಳುತ್ತಿದ್ದೆ. ಮನೆಯಲ್ಲಿ ನನ್ನ ಗಂಡ ಅದನ್ನು ಕನ್ನಡಕ್ಕೆ ಇಳಿಸಿ ಗೇಲಿ ಮಾಡುತ್ತಿದ್ದರು. ನಾನು ತರಕಾರಿ ಚೀಲ ಹೊತ್ತು ಒಳಗೆ ಬಂದರೆ ಸಾಕು, ಸೋಫಾದಿಂದ "ಎಲ್ಲಾ ವಾಪಸ್ ಬಂತಾ?" ಎಂದು ಮೇಡಮ್ಮಿನ ದನಿ ತೆಗೆದು ಕೇಳುವುದು. "ಬಂತು, ಎದ್ದು ಬಂದು ಚೀಲ ಹಿಡ್ಕೊಳ್ಳಿ" ಎಂದು ನಾನು ರೇಗುವುದು. ಎಷ್ಟೋ ವರ್ಷ ಹೀಗೇ ನಡೆದಿತ್ತು.

ಫೆಬ್ರವರಿಯಲ್ಲಿ ಅವರು ಡ್ರೈವ್‌ವೇ ಮೇಲಿನ ಹಿಮ ತೆಗೆಯುತ್ತಿದ್ದವರು ಸಲಿಕೆ ಬಿಟ್ಟು ಗ್ಯಾರೇಜಿನ ಬಾಗಿಲಲ್ಲಿ ಕೂತುಬಿಟ್ಟರು. ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಮಾಡಬೇಕು ಎಂದರು ಆಸ್ಪತ್ರೆಯಲ್ಲಿ. ಏಪ್ರಿಲ್‌ಗೆ ಆಪರೇಷನ್ ನಿಗದಿಯಾಯಿತು. ನನ್ನ ಗಂಡ ಎಲ್ಲರಿಗೂ ಫೋನು ಮಾಡಿ "ಸಣ್ಣ ಪ್ಲಂಬಿಂಗ್ ಕೆಲಸ, ಅಷ್ಟೇ" ಎಂದು ನಗುತ್ತಾ ಹೇಳಿದರು. ಒಟ್ಟಾವಾದಲ್ಲಿ ಓದುತ್ತಿದ್ದ ಮಗಳಿಗೂ ಅದನ್ನೇ ಹೇಳಿದರು. ನಾನೂ ಪಕ್ಕದಲ್ಲಿ ನಿಂತು ನಕ್ಕೆ. ಒಳಗೆ ನನಗೆ ಭಯವಾಗಿತ್ತು. ಅನ್ನ ಬಸಿಯುವಾಗ, ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಾಗ, ಎಲ್ಲ ಕಡೆ ಅದೇ ಭಯ. ಈ ಮನುಷ್ಯ ಇಲ್ಲದೆ ಹೋದರೆ ನಾನು ಏನು ಮಾಡಲಿ?

ಅದು ಬರೀ ಪ್ರೀತಿಯ ಪ್ರಶ್ನೆಯೂ ಆಗಿರಲಿಲ್ಲ ನೋಡಿ. ಎರಿನ್ ಮಿಲ್ಸ್ ಬಡಾವಣೆಯ ನಮ್ಮ ಮನೆ ಅವರ ತಲೆಯೊಳಗಿತ್ತು. ಮನೆ ಬಿಸಿ ಮಾಡುವ ಫರ್ನೆಸ್‌ನ ಫಿಲ್ಟರ್ ಬದಲಾಯಿಸುವುದು, ಬೇಸ್‌ಮೆಂಟಿನಲ್ಲಿ ನೀರಿನ ಮೇನ್ ವಾಲ್ವ್ ತಿರುಗಿಸುವುದು, ಟ್ಯಾಕ್ಸು, ಇನ್ಶೂರೆನ್ಸು, ಬ್ಯಾಂಕು, ಕಾರಿನ ವಿಂಟರ್ ಟೈರು, ಎಲ್ಲ ಅವರದೇ. ಮೈಸೂರಿನಲ್ಲಿ ಮದುವೆಯಾದಂದಿನಿಂದ ಮಗಳು ಹೈಸ್ಕೂಲು ಮುಗಿಸಿದವರೆಗಿನ ಫೋಟೋಗಳೂ ಅವರೇ ಸ್ಕ್ಯಾನ್ ಮಾಡಿ ಪಾಸ್‌ವರ್ಡ್ ಹಾಕಿಟ್ಟ ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಮೂರು ಪ್ರತಿ ಇರಬೇಕು, ಅದರಲ್ಲೊಂದು ಬೇರೆ ಊರಲ್ಲಿರಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳುವ ನನ್ನ ಮನೆಯಲ್ಲಿ ಹೀಗೆ. ಯಾಕೆ ಎಂದರೆ, ಅವರಿದ್ದಾರಲ್ಲ ಎಂದು.

ಕೇಳಲು ಹೋದೆ. "ರೀ, ಆಪರೇಷನ್‌ಗೆ ಮುಂಚೆ ಒಂದ್ಸಲ ಎಲ್ಲಾ ತೋರಿಸ್ಬಿಡಿ. ಒಂದು ವೇಳೆ ಏನಾದ್ರೂ..."

"ಬಿಡ್ತು ಅನ್ನು."

ನಮ್ಮ ಮನೆಗಳಲ್ಲಿ ಅಶುಭದ ಮಾತು ಬಾಯಿಂದ ಜಾರಿದರೆ ತಕ್ಷಣ ಹೀಗೆ ಹೇಳಿಸುತ್ತಾರಲ್ಲ. ಬಿಡ್ತು ಅಂದುಬಿಟ್ಟರೆ ಆಡಿದ ಮಾತು ಆಡದ ಹಾಗೆ. ನಾನು "ಬಿಡ್ತು" ಅಂದೆ. ಮಾತು ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಕಾಫಿ ಹೊತ್ತಿನಲ್ಲಿ ಮತ್ತೆ ಶುರು ಮಾಡಿದೆ, ಮತ್ತೆ ಬಿಡ್ತು ಅನ್ನಿಸಿದರು. ಮೂರನೆಯ ಸಲ ಅವರಿಗೆ ಸಿಟ್ಟೇ ಬಂತು. "ನಿನ್ ಕ್ಲಾಸನ್ನ ನನ್ ಮೇಲೆ ನಡೆಸ್ಬೇಡ. ನಾನೇನು ಸರ್ವರ್ರಾ?" ಎಂದು ಎದ್ದು ಹೋದರು. ಅವರಿಗೂ ಹೆದರಿಕೆ ಎಂದು ನನಗೆ ಗೊತ್ತಿತ್ತು. ಹೆದರಿದ ಗಂಡಸಿನ ಬೆನ್ನು ಹತ್ತಬಾರದು ಎಂದು ಸುಮ್ಮನಾದೆ.

ಇದೇ ಹೊತ್ತಿಗೆ ನನ್ನ ಕ್ಲಾಸಿಗೆ ಧಾರವಾಡದ ಕಡೆಯ ಒಬ್ಬ ಹುಡುಗಿ ಬರುತ್ತಿದ್ದಳು. ಹುಡುಗಿ ಎಂದರೆ ಮೂವತ್ತು ದಾಟಿದವಳು, ಮದುವೆಯಾದವಳು, ಅರೋರಾದಿಂದ ಅಷ್ಟು ದೂರ ಹಿಮದಲ್ಲಿ ಕಾರು ಓಡಿಸಿಕೊಂಡು ಬರುವವಳು. ಅವಳ ಆಫೀಸಿನವರೇ ಕಳಿಸಿದ್ದರು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಗಂಭೀರವಾಗಿ ಪ್ರಶ್ನೆ ಕೇಳುತ್ತಿದ್ದಳು, ಊಟದ ಬಿಡುವಿನಲ್ಲಿ ಡಬ್ಬಿ ತೆಗೆದು "ಮೇಡಮ್ರೀ, ಶೇಂಗಾ ಚಟ್ನಿಪುಡಿ ಹಾಕ್ಕೋರಿ" ಎಂದು ನನ್ನ ತಟ್ಟೆಗೆ ಸುರಿಯುತ್ತಿದ್ದಳು. ಒಂದು ಶನಿವಾರ ಡ್ರಿಲ್‌ಗೆ ಅವಳ ಪ್ಲಾನ್ ಬಂತು.

ಅಚ್ಚುಕಟ್ಟಾಗಿ ಬರೆದಿದ್ದಳು. ಆದರೆ ಅವಳ ಆಫೀಸಿನಲ್ಲಿ ಸ್ಟೋರೇಜ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ಅವರು ಇಲ್ಲ ಎಂದು ಭಾವಿಸಿ ಪ್ಲಾನ್ ಬರೆಯಬೇಕಾಗಿತ್ತು. ಇವಳು, ಅವರು ರಜೆ ಹಾಕಿ ಊರಿಗೆ ಹೋಗಿದ್ದಾರೆ ಎಂದು ಬರೆದಿದ್ದಳು. ಹಾಗೆ ಬರೆದ ಮೇಲೆ ಮುಂದಿನದ್ದೆಲ್ಲ ಅದೇ ದಾರಿ ಹಿಡಿಯಿತು. ಗಂಟು ಬಿದ್ದ ಕಡೆಯೆಲ್ಲ 'ಅವರಿಗೆ ಫೋನ್ ಮಾಡಿ' ಎಂದು ಬರೆದುಕೊಂಡು ಹೋಗಿದ್ದಳು. ಕೀಲಿ ಎಲ್ಲಿದೆ? ಅವರಿಗೆ ಫೋನ್ ಮಾಡಿ. ಯಾವ ಸರ್ವರ್ ಮೊದಲು? ಅವರಿಗೆ ಫೋನ್ ಮಾಡಿ.

"ಫೋನ್ ಎತ್ತುತ್ತಿಲ್ಲ" ಎಂದೆ ನಾನು.

ಡ್ರಿಲ್ ಮಾಡುತ್ತಿದ್ದ ತಂಡ ಕೈಚೆಲ್ಲಿ ಕೂತಿತು. ಅವಳು ಬಾಯಿ ಮುಚ್ಚಿಕೊಂಡು ಕುರ್ಚಿಯ ಕೈ ಹಿಸುಕುತ್ತಿದ್ದಳು. ಕ್ಲಾಸು ಬಿಟ್ಟ ಮೇಲೆ ಕೋಟು ಹಾಕಿಕೊಳ್ಳುತ್ತಾ ನನ್ನ ಹತ್ತಿರ ಬಂದಳು.

"ಮೇಡಮ್ರೀ, ಅವ್ರು ನಮ್ಮ ಆಫೀಸ್‌ನ್ಯಾಗ ಖರೇನ ಅದಾರ. ದಿನಾ ನನ್ನ ಮಾತಾಡಸ್ತಾರ. ಇದ್ದ ಮನಷ್ಯಾನ್ನ ಸತ್ತಾನಂತ ಹೆಂಗ ಬರೀಲಿ? ನಮ್ಮವ್ವಗ ಗೊತ್ತಾದ್ರ ಬಾಯಿಮ್ಯಾಲ ಹೊಡೀತಾಳ."

"ಪ್ಲಾನ್ ಅಂದ್ರೆ ಮದುವೆ ಕರೆಯೋಲೆ ಅಲ್ಲಮ್ಮ, ಶುಭಶುಭ ಅಂತ ಬರೆಯೋಕೆ. ಊರಿಗೆ ಹೋಗಿದ್ದಾರೆ ಅಂತ ಇಟ್ಕೊಂಡೆ, ಅದಕ್ಕೇ ಫೋನ್ ಮಾಡಬಹುದು ಅಂತ ನಿನ್ನ ಮನಸ್ಸು ಅಂದ್ಕೊಂಡಿತು. ಬೇರೆ ಯಾವ ದೇಶದವರೂ ಈ ತಪ್ಪು ಮಾಡಲ್ಲ ನೋಡು, ನಮ್ಮೋರೇ ಮಾಡೋದು."

"ಮುಂದಿನ ವಾರ ತಿದ್ದಿ ತರ್ತೀನ್ರಿ" ಎಂದಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೂ ಸಂಕಟವಾಯಿತು. ಜೋರು ಮಾಡಬಾರದಿತ್ತು. ಕಾರಿನಲ್ಲಿ ಕೂತು ಎಂಜಿನ್ ಬಿಸಿಯಾಗಲು ಕಾಯುತ್ತಿದ್ದಾಗ ತಟ್ಟನೆ ಹೊಳೆಯಿತು, ನನ್ನ ಪ್ಲಾನೂ ಅದೇ. ಗೊತ್ತಾಗದಿದ್ದರೆ ಅವರನ್ನೇ ಕೇಳಿದರಾಯಿತು. ಆಪರೇಷನ್ ಆದ ಮೇಲೆ ನಿಧಾನವಾಗಿ ಕೇಳಿದರಾಯಿತು. ವಿಂಡ್‌ಶೀಲ್ಡಿನ ಮೇಲಿನ ಹಿಮ ಕರಗುವವರೆಗೆ ಅಲ್ಲೇ ಕೂತು ಅತ್ತೆ.

ಮುಂದಿನ ಶನಿವಾರ ಅವಳು ತಿದ್ದಿದ ಪ್ಲಾನ್ ತಂದಳು. ಊರಿಗೆ ಹೋದದ್ದು ಹೋಗಿತ್ತು. ಅದರ ಜಾಗದಲ್ಲಿ, ಆ ಹಿರಿಯರು ಇಲ್ಲೇ ಕೋಣೆಯಲ್ಲಿ ಇದ್ದಾರೆ, ಆರೋಗ್ಯವಾಗಿದ್ದಾರೆ, ಆದರೆ ಮೌನವ್ರತದಲ್ಲಿದ್ದಾರೆ ಎಂದು ಬರೆದಿದ್ದಳು. ಬರೆಯುವಂತಿಲ್ಲ, ಸನ್ನೆ ಮಾಡುವಂತಿಲ್ಲ, ವ್ರತ ಮುರಿಯುವಂತಿಲ್ಲ. ಕ್ಲಾಸಿನ ಉಳಿದವರಿಗೆ ಮೌನವ್ರತ ಎಂದರೇನು ಎಂದು ಅವಳೇ ಇಂಗ್ಲಿಷಿನಲ್ಲಿ ವಿವರಿಸಿದಳು. ಒಬ್ಬ ಪಂಜಾಬಿ ಹುಡುಗ "ನನ್ನ ಅಜ್ಜಿಯೂ ಮಾಡುತ್ತಿದ್ದಳು" ಎಂದು ತಲೆದೂಗಿದ.

ಡ್ರಿಲ್ ಸಲೀಸಾಗಿ ನಡೆಯಿತು. ಕೀಲಿ ಎಲ್ಲಿದೆ, ಯಾವ ಸರ್ವರ್ ಮೊದಲು, ಎಲ್ಲ ಇತ್ತು. ಮಾತಾಡದೆ ಕೂತ ಮನುಷ್ಯನನ್ನು ಕಲ್ಪಿಸಿಕೊಂಡದ್ದಕ್ಕೆ ಅವಳಿಗೆ ಎಲ್ಲವನ್ನೂ ಬರೆಯಲು ಸಾಧ್ಯವಾಗಿತ್ತು. ನಾನು "ಎಲ್ಲಾ ವಾಪಸ್ ಬಂತಾ?" ಎಂದೆ. ತಂಡದವರು ಫೈಲುಗಳನ್ನು ತೆರೆದು ನೋಡಿ, ಬಂತು ಎಂದರು. ಅವಳ ಮುಖ ನೋಡಬೇಕಿತ್ತು.

"ಯಾರನ್ನೂ ಸಾಯಸ್ಲಿಲ್ರೀ ಮೇಡಮ್" ಎಂದಳು ಹೋಗುವಾಗ.

ಮನೆಗೆ ಬಂದು ನಾನು ಒಂದೇ ಮಾತು ಹೇಳಿದೆ. "ರೀ, ಆಪರೇಷನ್ ಚೆನ್ನಾಗಿ ಆಗ್ಲಿ ಅಂತ ಒಂದು ಭಾನುವಾರ ಮೌನವ್ರತ ಮಾಡಿ."

ಅವರು ಪೇಪರಿನಿಂದ ತಲೆ ಎತ್ತಿದರು. ಕಿಲಾಡಿ ಮನುಷ್ಯ, ನನ್ನ ಹುನ್ನಾರ ಅರ್ಥವಾಗಿತ್ತು. ಆದರೂ ವ್ರತ ಎಂಬ ಶಬ್ದಕ್ಕೆ ಬೇಡ ಎನ್ನಲು ಬಾಯಿ ಬರಲಿಲ್ಲ. ಪೇಪರು ಮಡಚಿಟ್ಟು "ಅವತ್ತು ನೀನೇನ್ ಮಾಡ್ತೀಯ?" ಎಂದು ಕೇಳಿದರು.

"ಮನೆ ನಡೆಸ್ತೀನಿ. ನೀವು ಮುಂಚೆನೇ ಎಲ್ಲಾ ಬರೆದಿಡಿ."

ಆ ವಾರವೆಲ್ಲ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ಬರೆದರು. ಗೊಣಗುತ್ತಲೇ ಬರೆದರು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿದರು. ನನಗೆ ನಗು ಬಂತು. ಮದುವೆಯಾದ ಮೇಲೆ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

ಬೇಸ್‌ಮೆಂಟಿಗೆ ಇಳಿದು ನೀರಿನ ವಾಲ್ವ್ ಹುಡುಕಿದೆ. ಅವರು ಬರೆದಂತೆ ವಾಟರ್ ಹೀಟರ್ ಹಿಂದೆಯೇ ಇತ್ತು. ತಿರುಗಿಸಿದೆ, ಮೇಲೆ ಹೋಗಿ ನಲ್ಲಿ ಬಿಟ್ಟು ನೋಡಿದೆ, ನೀರು ನಿಂತಿತ್ತು. ಎಲ್ಲೋ ಯುದ್ಧ ಗೆದ್ದವಳ ಹಾಗೆ ಅವರ ಮುಂದೆ ಹೋಗಿ ನಿಂತೆ. ಹುಬ್ಬು ಕೂಡ ಅಲ್ಲಾಡಿಸಲಿಲ್ಲ, ನಿಯಮ ಅಂದರೆ ನಿಯಮ. ಫರ್ನೆಸ್‌ನ ಫಿಲ್ಟರ್ ಬದಲಾಯಿಸಿದೆ. ಬೇಸ್‌ಮೆಂಟಿನ ಮೆಟ್ಟಿಲಲ್ಲಿ ಬಂದು ನಿಂತು ನೋಡುತ್ತಿದ್ದವರು ಆಗ ಗಂಟಲು ಸರಿ ಮಾಡಿಕೊಂಡರು. "ಕೆಮ್ಮೋ ಹಾಗಿಲ್ಲ" ಎಂದು ಗದರಿದೆ. ಬ್ಯಾಂಕು ಆಯಿತು, ಇನ್ಶೂರೆನ್ಸು ಆಯಿತು. ಮಧ್ಯಾಹ್ನ ಬಿಸಿಬೇಳೆಬಾತು ಮಾಡಿ ಬಡಿಸಿದೆ. ಉಪ್ಪು ಕಡಿಮೆಯಾಗಿತ್ತು, ಪಾಪ, ಅದನ್ನೂ ಹೇಳದೆ ತಿಂದರು.

ಕೊನೆಗೆ ಫೋಟೋಗಳ ಡಿಸ್ಕು. ಅದನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಪಾಸ್‌ವರ್ಡ್ ಕೇಳಿತು. ಅವರ ಹಾಳೆ ನೋಡಿದೆ. 'ಪಾಸ್‌ವರ್ಡ್: ಎಂದಿನದೇ' ಎಂದು ಮುದ್ದಾದ ಅಕ್ಷರದಲ್ಲಿ ಬರೆದಿದ್ದರು.

ಎಂದಿನದು ಎಂದರೆ ಯಾವುದು? ಮಗಳ ಹೆಸರು ಹಾಕಿದೆ. ಮದುವೆಯ ದಿನ ಹಾಕಿದೆ. ಮೈಸೂರಿನ ಬೀದಿಯ ಹೆಸರು ಹಾಕಿದೆ. ತಿರುಗಿ ನೋಡಿದರೆ ಅವರು ಕುರ್ಚಿಯ ತುದಿಗೆ ಬಂದು ಕೂತಿದ್ದರು, ಮುಖ ಕೆಂಪಾಗಿತ್ತು, ತಪ್ಪು ಗೊತ್ತಾಗಿತ್ತು, ಆದರೆ ಹೇಳುವಂತಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು.

"ಎಂದಿನದು ಅಂದ್ರೆ ಯಾರಿಗೆ ಎಂದಿನದು? ನಿಮಗೆ ತಾನೆ? ನೀವು ಸತ್ತೋದ್ರೆ ನಾನು ಯಾರನ್ನ ಕೇಳ್ಲಿ?"

ಅವರ ಬಾಯಿ ತೆರೆಯಿತು. ಬಿಡ್ತು ಅನ್ನು ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು. ವ್ರತ ನೆನಪಾಗಿ ಬಾಯಿ ಮುಚ್ಚಿತು. ಇಷ್ಟು ದಿನ ಅರ್ಧಕ್ಕೇ ಅಳಿಸಿಹೋಗುತ್ತಿದ್ದ ಮಾತು ಅವತ್ತು ಪೂರ್ತಿಯಾಗಿ ಕೋಣೆಯಲ್ಲಿ ಉಳಿದುಬಿಟ್ಟಿತು, ಅಳಿಸುವವರು ಯಾರೂ ಇರಲಿಲ್ಲ. ನಾನು ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ನನ್ನನ್ನು ಬಿಟ್ಟು ಹೋಗಬೇಡಿ ಎಂದೂ ಅಂದೆ. ಅದನ್ನೆಲ್ಲ ಹೇಳಿಕೊಳ್ಳುವ ಜಾತಿಯವಳಲ್ಲ ನಾನು, ಆದರೂ ಅಂದೆ.

ಅವರು ಎದ್ದು ಬಂದು ಪಕ್ಕದಲ್ಲಿ ಕೂತರು. ಪೆನ್ನು ತೆಗೆದು 'ಎಂದಿನದೇ' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಪಾಸ್‌ವರ್ಡನ್ನು ಬಿಡಿಬಿಡಿಯಾಗಿ ಬರೆದರು. ಬರೆಯುವುದೂ ನಿಯಮಕ್ಕೆ ವಿರುದ್ಧವೇ, ನಾನು ತಡೆಯಲಿಲ್ಲ. ಅದು ಮೈಸೂರಿನಲ್ಲಿ ನಮ್ಮಲ್ಲಿದ್ದ ಸ್ಕೂಟರಿನ ನಂಬರು. ಹಿಂದಿನ ಸೀಟಿನಲ್ಲಿ ಕೂತು ಅಷ್ಟು ವರ್ಷ ಸುತ್ತಿದವಳಿಗೆ ನಂಬರ್ ಪ್ಲೇಟು ಎಲ್ಲಿಂದ ನೆನಪಿರಬೇಕು? ಅಳುವಿನ ನಡುವೆಯೇ ನಗು ಬಂತು.

ಅವರು ಪೆನ್ನು ಕೆಳಗಿಡಲಿಲ್ಲ. ಅದೇ ಹಾಳೆಯ ಕೆಳಗೆ, ನಾನು ಕೇಳದ್ದನ್ನೂ ಬರೆಯತೊಡಗಿದರು. 'ನನ್ನ ಕಾರ್ಯವೆಲ್ಲ ಇಲ್ಲೇ ಮುಗಿಸು. ಮೈಸೂರಿಗೆ ಹೊತ್ತುಕೊಂಡು ಓಡಬೇಡ. ಮಗಳ ಪರೀಕ್ಷೆ ತಪ್ಪಿಸಬೇಡ. ಮನೆ ದೊಡ್ಡದು ಅನ್ನಿಸಿದರೆ ಮಾರಿಬಿಡು, ನನಗೋಸ್ಕರ ಇಟ್ಟುಕೊಂಡು ಒದ್ದಾಡಬೇಡ.' ಬಾಯಲ್ಲಿ ಬರದ ಮಾತು ಕೈಯಲ್ಲಿ ಸರಾಗ ಬರುತ್ತಿತ್ತು. ನಾನು ಅವರ ತೋಳಿಗೆ ಒರಗಿಕೊಂಡು ಒಂದೊಂದೇ ಸಾಲು ಓದಿದೆ. ಹೊರಗೆ ಪಕ್ಕದ ಮನೆಯವರು ಡ್ರೈವ್‌ವೇ ಮೇಲೆ ಉಪ್ಪು ಚೆಲ್ಲುತ್ತಿದ್ದರು.

ಫೋಟೋಗಳು ತೆರೆದುಕೊಂಡವು. ಇಬ್ಬರೂ ಕೂತು ನೋಡಿದೆವು. ಸಂಜೆ ದೀಪ ಹಚ್ಚಿದ ಮೇಲೆ ನಾನು "ವ್ರತ ಮುಗೀತು, ಮಾತಾಡಿ" ಎಂದೆ.

"ಫರ್ನೆಸ್ ಫಿಲ್ಟರ್ ಉಲ್ಟಾ ಹಾಕಿದೀಯ" ಎಂದರು.

ಬಿಡ್ತು ಎಂದು ಅವತ್ತು ಹೇಳಿಸಲಿಲ್ಲ. ಆಮೇಲೂ ಹೇಳಿಸಲಿಲ್ಲ.

ಮುಂದಿನ ಶನಿವಾರ ಡಿಸ್ಕಿನ ಒಂದು ಪ್ರತಿಯನ್ನು ಧಾರವಾಡದ ಹುಡುಗಿಯ ಕೈಗೆ ಕೊಟ್ಟೆ. ಒಂದು ಪ್ರತಿ ಬೇರೆ ಊರಲ್ಲಿರಬೇಕಲ್ಲ. ಯಾಕೆ, ಏನು ಎಂದು ಎಲ್ಲವನ್ನೂ ಹೇಳಿದೆ, ಆಪರೇಷನ್ ವಿಷಯವನ್ನೂ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅರೋರಾ ತಲುಪಿದ ಮೇಲೆ ಫೋನು ಮಾಡಿ, "ದೇವರ ಮುಂದ ಇಟ್ಟೇನ್ರೀ ಮೇಡಮ್. ಸಾಹೇಬ್ರಿಗೆ ಏನೂ ಆಗಂಗಿಲ್ಲ" ಎಂದಳು. ಕಸುಬಿನ ಪ್ರಕಾರ ಹಾರ್ಡ್ ಡಿಸ್ಕನ್ನು ದೀಪದ ಹತ್ತಿರ ಇಡಬಾರದು. ಅಲ್ಲೇ ಇರಲಿ ಎಂದೆ.

ಆಪರೇಷನ್ ದಿನ ಮಗಳೂ ಬಂದಿದ್ದಳು. ಒಳಗೆ ಕರೆದುಕೊಂಡು ಹೋಗುವಾಗ ಅವರು ನನ್ನ ಕೈ ಹಿಡಿದು "ಹೋಗಿ ಬರ್ತೀನಿ" ಎಂದರು. ಮಗಳು "ಅಪ್ಪಾ, ಯೂ ಗಾಟ್ ದಿಸ್" ಎಂದು ಅವರ ಹಣೆಗೆ ಮುತ್ತಿಟ್ಟಳು. ಆಮೇಲೆ ಇಬ್ಬರೂ ಕಾಯುವ ಕೋಣೆಯಲ್ಲಿ ಕೂತೆವು. ಕ್ಲಾಸಿನ ಮೊದಲ ದಿನ ನಾನು ಎರಡು ಪ್ರಶ್ನೆ ಕೇಳುತ್ತೇನೆ: ಎಷ್ಟು ಹೊತ್ತಿನೊಳಗೆ ನೀವು ಮತ್ತೆ ಎದ್ದು ನಿಲ್ಲಬೇಕು, ಎಷ್ಟು ಕಳೆದುಹೋದರೆ ತಡೆದುಕೊಳ್ಳಬಲ್ಲಿರಿ. ಎಲ್ಲ ಕಂಪನಿಗೂ ಒಂದು ಉತ್ತರ ಇರುತ್ತದೆ. ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನಗೆ ನಾನೇ ಎರಡನೆಯದನ್ನು ಕೇಳಿಕೊಂಡೆ. ಏನೂ ತಡೆದುಕೊಳ್ಳಲಾರೆ, ಒಂದು ಚೂರೂ ತಡೆದುಕೊಳ್ಳಲಾರೆ ಎನ್ನಿಸಿತು.

ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಬಂದು ಹೇಳಿದರು. ಆದರೂ ಅವತ್ತು ಗಂಟಲಿಗೆ ಉಸಿರಾಟದ ಕೊಳವೆ ಹಾಕಿ ಮಲಗಿಸಿದ್ದರು. ಮಾರನೆಯ ಬೆಳಿಗ್ಗೆ ಹೋದಾಗ ಕೊಳವೆ ತೆಗೆದಿದ್ದರು. "ಎಚ್ಚರವಾಗಿದ್ದಾರೆ, ಆದರೆ ಇನ್ನೂ ಏನೂ ಮಾತಾಡಿಲ್ಲ" ಎಂದಳು ನರ್ಸ್. ಇಂಥ ಆಪರೇಷನ್ ಆದ ಕೆಲವರಿಗೆ ಮಾತು ಹೋಗುತ್ತದೆ, ನೆನಪು ಹೋಗುತ್ತದೆ ಎಂದು ಎಲ್ಲೆಲ್ಲೋ ಓದಿದ್ದೆಲ್ಲ ಒಟ್ಟಿಗೆ ನೆನಪಾಯಿತು.

ಹಾಸಿಗೆಯ ಹತ್ತಿರ ಹೋದೆ. ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿದ್ದರು. ಮಾತಿಲ್ಲ.

"ರೀ" ಎಂದೆ. ಸುಮ್ಮನೆ ನೋಡಿದರು.

ನನಗೆ ಬೇರೇನೂ ತೋಚಲಿಲ್ಲ. ಬಗ್ಗಿ, ಅವರ ಕಿವಿಯ ಹತ್ತಿರ, "ವ್ರತ ಮುಗೀತು, ಮಾತಾಡಿ" ಎಂದೆ.

ಒಣಗಿದ ತುಟಿ ನಿಧಾನವಾಗಿ ಬಿಚ್ಚಿಕೊಂಡಿತು. ದನಿ ಗೊಗ್ಗರಾಗಿತ್ತು, ಆದರೂ ಮೇಡಮ್ಮಿನ ರಾಗವನ್ನು ಬಿಟ್ಟಿರಲಿಲ್ಲ.

"ಎಲ್ಲಾ ವಾಪಸ್ ಬಂತಾ?"

ತಲೆಯ ಹತ್ತಿರ ಪರದೆಯ ಮೇಲೆ ಹಸಿರು ಗೆರೆ ಸರಿಯಾಗಿ ಓಡುತ್ತಿತ್ತು. ಅದೊಂದನ್ನೇ ನಂಬಿ ನಾನು ಹೌದು ಅನ್ನಲಿಲ್ಲ. ಹೊದಿಕೆ ಸರಿಸಿ ಕಾಲು ನೋಡಿದೆ, ಬೆರಳು ಅಲ್ಲಾಡಿಸಿದರು. ಬಲಗೈ ಹಿಡಿದೆ, ಒತ್ತಿದರು. ಎಡಗೈ ಹಿಡಿದೆ, ಅದೂ ಒತ್ತಿತು. ಸ್ಕೂಟರಿನ ನಂಬರು ಕೇಳಿದೆ. ಕಣ್ಣು ಮುಚ್ಚಿಕೊಂಡು, ಉಸಿರು ತೆಗೆದುಕೊಳ್ಳುತ್ತಾ, ಒಂದಂಕಿಯೂ ತಪ್ಪದೆ ಹೇಳಿದರು.

"ಬಂತು ಕಣ್ರೀ" ಎಂದೆ.